ಬಾವಿಗೆ ಕಿಟಕಿ ಇಡಿಸಿದ ನನ್ನ ತಮ್ಮ

ನನ್ನ ತಮ್ಮ ಯಾರ ಮನೆಗೆ ಹೋದರೂ ಮೊದಲು ವಿಚಾರಿಸುವುದು ಮನೆಯವರ ಆರೋಗ್ಯವನ್ನಲ್ಲ, ಅವರ ಬಾವಿಯ ಆರೋಗ್ಯವನ್ನು! ಬಾವಿಗೆ ಒಳಗಿನಿಂದ ಕಲ್ಲು ಕಟ್ಟಿಸಿದ್ದೀರೋ, ಮಣ್ಣಿನ ಗೋಡೆ ಹಾಗೇ ಬಿಟ್ಟಿದ್ದೀರೋ? ಕಟ್ಟಿಸಿದ್ದೇವೆ ಎಂದರೆ ಅವನ ಮುಖ ಸಪ್ಪಗಾಗುತ್ತದೆ. ಅಂಥ ಮನೆಯಲ್ಲಿ ಚಹಾ ಕೂಡ ಅರ್ಧ ಕಪ್ಪೇ ಕುಡಿಯುತ್ತಾನೆ. ಕಟ್ಟಿಸಿಲ್ಲ ಎಂದಿರೋ, ಮುಗಿಯಿತು. ಚಪ್ಪಲಿ ಬಿಟ್ಟು, ಪ್ಯಾಂಟು ಮಡಚಿ, ಆ ಮನೆಯವರು ಬೇಡ ಬೇಡ ಎನ್ನುವಷ್ಟರಲ್ಲಿ ಒಳಗೆ ಇಳಿದುಬಿಟ್ಟಿರುತ್ತಾನೆ. ವಯಸ್ಸು ಅರವತ್ತು ದಾಟಿ ನಾಲ್ಕು ವರ್ಷ. ಚಿಕ್ಕೋಡಿಯಲ್ಲಿ ಮೂವತ್ತು ವರ್ಷ ಮಕ್ಕಳಿಗೆ ಮಾವಿನಹಣ್ಣು ಬರೆಯಲು ಕಲಿಸಿದ ರಿಟೈರ್ಡ್ ಡ್ರಾಯಿಂಗ್ ಮಾಸ್ತರ!

ಅವನು ಹುಡುಕುವುದು ನೀರನ್ನಲ್ಲ. ನಿಧಿಯನ್ನಂತೂ ಅಲ್ಲವೇ ಅಲ್ಲ. ಭೂಕಂಪವನ್ನು! ಅದೂ ನಿನ್ನೆ ಮೊನ್ನೆಯದಲ್ಲ. ಯಾರೂ ಬರೆದಿಡದ, ಬರೆದಿಡಲು ಅಕ್ಷರವೇ ಹುಟ್ಟಿರದ ಕಾಲದ್ದು. ಆಗ ಚಿಕ್ಕೋಡಿ ಇರಲಿಲ್ಲ, ನಿಪ್ಪಾಣಿ ಇರಲಿಲ್ಲ, ಅಷ್ಟೇ ಏಕೆ, ಗಡಿ ತಂಟೆ ಕೂಡ ಇರಲಿಲ್ಲ ಎಂದರೆ ಎಷ್ಟು ಹಳೆಯದು ನೀವೇ ಯೋಚಿಸಿ!

ನಮ್ಮ ಮನೆತನದಲ್ಲೇ ಒಂದು ರೆಸ್ಟ್‌ಲೆಸ್‌ನೆಸ್ ಇದೆ, ಒಪ್ಪಿಕೊಳ್ಳುತ್ತೇನೆ. ತಮ್ಮ ಕುರ್ಚಿಯಲ್ಲಿ ಕೂತರೆ ಅವನ ಬಲಮೊಣಕಾಲು ಹೊಲಿಗೆ ಮಷೀನಿನಂತೆ ಅಲುಗಾಡುತ್ತಲೇ ಇರುತ್ತದೆ. ನಾನೇನು ಕಡಿಮೆಯೇ? ಮದುವೆ ಮನೆಯಲ್ಲಿ ಬಾಗಿಲ ಪಕ್ಕದ ಕುರ್ಚಿ ಸಿಗದಿದ್ದರೆ ನಿಂತೇ ಅಕ್ಷತೆ ಹಾಕಿ ಬರುತ್ತೇನೆ. ಮಲಗುವಾಗ ಕಾಲಿಗೆ ಹಾಕುವುದನ್ನು ಮಂಚದ ಕೆಳಗೆ, ಬಾಗಿಲ ಕಡೆ ಮುಖ ಮಾಡಿ ಇಡುತ್ತೇನೆ. ನೋಡಿದವರು ಅದನ್ನು ಕಾನ್ವೆಂಟ್ ಮ್ಯಾನರ್ಸ್ ಎಂದುಕೊಂಡಿದ್ದಾರೆ. ಬೆಳಗಾವಿಯ ಕಾನ್ವೆಂಟಿನಲ್ಲಿ ನನಗೆ ಎಂಟು ವರ್ಷ ಕಲಿಸಿದ ಸಿಸ್ಟರ್‌ಗೆ ಮಾತ್ರ ಸತ್ಯ ಗೊತ್ತಿತ್ತು. 'ಸಿಟ್ ಸ್ಟಿಲ್, ಚೈಲ್ಡ್! ಹ್ಯಾವ್ ಯೂ ಗಾಟ್ ಆ್ಯಂಟ್ಸ್?' ಆ ಸಿಸ್ಟರ್ ನನಗೆ ಸುಮ್ಮನೆ ಕೂರುವುದನ್ನು ಕಲಿಸಲಾರದೆ ಸೋತರು. ಬೂಟಿನ ಲೇಸ್ ಕಟ್ಟುವುದನ್ನು ಮಾತ್ರ ಎಂದೂ ಬಿಚ್ಚದಂತೆ ಕಲಿಸಿದರು. ಎರಡು ಮೊಲದ ಕಿವಿ ಮಾಡಬೇಕು, ಒಂದರ ಮೇಲೊಂದು ಅಡ್ಡ ಹಾಕಿ ಎಳೆಯಬೇಕು, ಆ ಕಿವಿಗಳನ್ನೇ ಹಿಡಿದು ಮತ್ತೊಮ್ಮೆ ಗಂಟು ಹಾಕಬೇಕು. 'ಡಬಲ್ ನಾಟ್, ಗರ್ಲ್ಸ್!' ಈಗ ಡಾಕ್ಟರ ಅಪ್ಪಣೆಯಂತೆ ಸೀರೆಯ ಕೆಳಗೆ ಸ್ಪೋರ್ಟ್ಸ್ ಶೂ ಹಾಕಿಕೊಂಡು ಓಡಾಡುತ್ತೇನೆ. ಆದರೆ ಬಗ್ಗಿದರೆ ಮೊಣಕಾಲುಗಳು ಕೂಗುತ್ತವೆ. ಕೆಲಸದವಳು ಕಟ್ಟುವ ಗಂಟು ಮಧ್ಯಾಹ್ನದೊಳಗೆ ಬಿಚ್ಚಿಕೊಳ್ಳುತ್ತದೆ. ಸಿಸ್ಟರ್ ನೋಡಿದ್ದರೆ ಏನೆನ್ನುತ್ತಿದ್ದರೋ!

ಈ ಚಡಪಡಿಕೆಗೆಲ್ಲ ಕೊಯ್ನಾ ಭೂಕಂಪವೇ ಮೂಲ ಎಂಬುದು ನಮ್ಮ ಮನೆಯ ಥಿಯರಿ. ಆಗ ನನಗೆ ಹನ್ನೊಂದು, ತಮ್ಮನಿಗೆ ಆರು. ನಮ್ಮ ಮನೆ ನಿಪ್ಪಾಣಿಯಲ್ಲಿ. ಕಾಮಾಲೆಯಾಗಿ ನಾನು ಬೋರ್ಡಿಂಗಿನಿಂದ ಮನೆಗೆ ಬಂದಿದ್ದೆ. ಅವ್ವ ತವರಿಗೆ ಹೋಗಿದ್ದಳು. ಚಳಿಗಾಲ, ಇನ್ನೂ ಬೆಳಕು ಹರಿದಿರಲಿಲ್ಲ. ಮಾಳಿಗೆಯಿಂದ ಮಣ್ಣು ಉದುರಿತು, ಗೋಡೆಯ ಗೂಡಿನಲ್ಲಿದ್ದ ತಂಬಿಗೆಗಳು ಉರುಳಿದವು, ಎಲ್ಲರೂ ಓಣಿಗೆ ಓಡಿದೆವು. ಓಡುವಾಗ ಯಾರ ಕೈಗೆ ಏನು ಸಿಕ್ಕಿತೋ ಅದು! ಅಪ್ಪ ಮಗುವಿನ ಗಾತ್ರದ ರೇಡಿಯೊವನ್ನು ಎದೆಗವಚಿಕೊಂಡು ಬಂದ. ಅಜ್ಜಿ ನೀರು ತುಂಬಿದ ತಾಮ್ರದ ಕೊಡವನ್ನು ಎರಡೂ ಕೈಯಿಂದ ತಬ್ಬಿಕೊಂಡು, ಒಂದು ಹನಿ ಚೆಲ್ಲದೆ ಬಂದಳು. ನನ್ನ ಕೈಯಲ್ಲಿ ಕಾನ್ವೆಂಟಿನ ಕರಿ ಬೂಟು!

ಮತ್ತೆ ತಮ್ಮ? ನನ್ನ ಪಕ್ಕದಲ್ಲೇ, ಒಂದೇ ಕೌದಿಯ ಒಳಗೆ ಮಲಗಿದ್ದವನು? ಅವನನ್ನು ಆಮೇಲೆ ಅಜ್ಜಿ ಒಳಗೆ ಹೋಗಿ ಎತ್ತಿಕೊಂಡು ಬಂದಳು ಎಂಬುದು ಮನೆಯಲ್ಲಿ ನಡೆದುಬಂದ ಮಾತು. ಅಪ್ಪ ಬಂದ ಬೀಗರಿಗೆಲ್ಲ ಹೇಳುತ್ತಿದ್ದ. "ನಮ್ಮ ಹುಡುಗಿ ಕಾನ್ವೆಂಟ್ ಓದತಾಳ್ರಿ. ತಮ್ಮನ್ನ ಬಿಟ್ಟು ಬೂಟ ಉಳಿಸ್ಯಾಳ!" ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ, ಎಲ್ಲರಿಗಿಂತ ಜೋರಾಗಿ. ಅಪ್ಪ ಹೋದ ಮೇಲೂ ಆ ಕಥೆ ಹೋಗಲಿಲ್ಲ. ನಾನು ನಗುವುದನ್ನೂ ಬಿಡಲಿಲ್ಲ.

ಇರಲಿ. ತಮ್ಮನ ವಿಷಯಕ್ಕೆ ಬರುತ್ತೇನೆ.

ಅವನ ಹುಚ್ಚು ಶುರುವಾದದ್ದು ರಿಟೈರ್ ಆದ ಮರುವರ್ಷ, ದಿಗ್ಗೇವಾಡಿಯಲ್ಲಿ. ಹಳೆಯ ವಿದ್ಯಾರ್ಥಿಯೊಬ್ಬನ ಮನೆಯಲ್ಲಿ ಊಟ ಮುಗಿಸಿ ಕೃಷ್ಣಾ ಹೊಳೆಯ ದಂಡೆಗೆ ತಿರುಗಾಡಲು ಹೋಗಿದ್ದಾನೆ. ಹೊಳೆಯ ನೀರು ದಂಡೆಯನ್ನು ಕೇಕಿನಂತೆ ಕೊರೆದು ಹೋಗಿದೆ. ಅಲ್ಲಿ ಪುಣೆಯಿಂದ ಬಂದ ಒಬ್ಬ ಮೇಡಂ, ಭೂವಿಜ್ಞಾನಿಯಂತೆ, ಗಾರೆ ಮೆತ್ತುವ ಗೌಂಡಿಯ ಕರಣಿ ಹಿಡಿದು ಮಣ್ಣನ್ನು ನಯವಾಗಿ ಕೆರೆಯುತ್ತಿದ್ದಾರೆ. ಕರಿಮಣ್ಣಿನ ಪದರವನ್ನು ಸೀಳಿಕೊಂಡು ಕೆಳಗಿನಿಂದ ಮೇಲಕ್ಕೆ ಬೆರಳಿನಂತೆ ಎದ್ದುನಿಂತ ಬಿಳಿ ಉಸುಕು! ನಮ್ಮವನು ಕೇಳಿದ, ಅವರು ಹೇಳಿದರು. ಅಂದಿನಿಂದ ಅವನು ಮಾವಿನಹಣ್ಣು ಬರೆಯಲಿಲ್ಲ.

ಮರುದಿನ ಬೆಳಿಗ್ಗೆಯೇ ನನ್ನ ಮನೆಗೆ ಬಂದ. ಅವನ ಮನೆ ನನ್ನ ಮನೆಯಿಂದ ಎರಡೇ ಓಣಿ ಆಚೆ. ದೂರ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು! ಒಲೆಯ ಮೇಲೆ ಕಡಲೆಹಿಟ್ಟಿನ ಝುಣಕ ಕುದಿಯುತ್ತಿತ್ತು.

"ಅಕ್ಕಾ, ಇಲ್ಲಿ ನೋಡು! ಮ್ಯಾಲ ದಪ್ಪ ಆಗೈತಿ, ಕೆಳಗ ತೆಳ್ಳಗ ಐತಿ. ಕುದಿ ಬಂದಾಗ ಮ್ಯಾಲಿಂದು ಒಡದು ಬುಳಕ್ ಅಂತ ಬರ್ತೈತಲ್ಲ? ಭೂಮಿ ಜೋರ ನಡುಗಿದ್ರ ಹಿಂಗಽ ಆಕ್ಕೈತಿ. ಕೆಳಗಿನ ಹಸಿ ಉಸುಕು ನೀರಿನಂಗ ಆಗಿ, ಮ್ಯಾಲಿನ ಮಣ್ಣ ಸೀಳಿ ಬರ್ತೈತಿ. ಆಮ್ಯಾಲ ನೀರು ಇಂಗಿ ಹೋಕ್ಕೈತಿ, ಉಸುಕು ಅಲ್ಲೇ ನಿಲ್ಲತೈತಿ. ಸಾವಿರಾರು ವರ್ಷ!"

"ಝುಣಕ ತಳ ಹತ್ತಾಕತ್ತೈತಿ, ಅತ್ತಾಗ ಸರಿ" ಎಂದೆ.

ನಂಬಲಿಲ್ಲ ಎಂದು ಅವನಿಗೆ ಅನಿಸಿತು. ಪಾತೇಲಿಯಲ್ಲಿ ಹಸಿ ಉಸುಕು ತುಂಬಿ ಡೈನಿಂಗ್ ಟೇಬಲ್ಲಿನ ಮೇಲೆ ಇಟ್ಟ. ಭಾರವಾದ ಏನಾದರೂ ಕೊಡು ಎಂದ. ನಾನು ಒರಳುಕಲ್ಲಿನ ಗುಂಡು ತರುವಷ್ಟರಲ್ಲಿ, ಶೋಕೇಸಿನಲ್ಲಿದ್ದ ನನ್ನ ಎಲೊಕ್ಯೂಶನ್ ಕಪ್ಪನ್ನು ತೆಗೆದು ಉಸುಕಿನ ಮೇಲೆ ನಿಲ್ಲಿಸಿಯಾಗಿತ್ತು! ಕಾನ್ವೆಂಟಿನಲ್ಲಿ ಇಂಗ್ಲೀಷು ಭಾಷಣಕ್ಕೆ ಇಡೀ ಶಾಲೆಗೆ ಫಸ್ಟ್ ಬಂದು ಗೆದ್ದ ಕಪ್ಪು ಅದು. ಟೇಬಲ್ಲಿನ ಅಂಚಿಗೆ ಧಬಧಬ ಬಡಿದ. ಗಟ್ಟಿಯಾಗಿ ಕಾಣುತ್ತಿದ್ದ ಉಸುಕು ಪಾಯಸದಂತಾಯಿತು. ಕಪ್ಪು ಒಂದು ಕಡೆ ವಾಲಿತು, ಕುತ್ತಿಗೆಯವರೆಗೆ ಇಳಿಯಿತು.

"ನೋಡಿದೇನ? ನಿನ್ನ ಇಂಗ್ಲೀಷು ಮುಳುಗಿತು!" ಎಂದು ಚಪ್ಪಾಳೆ ತಟ್ಟಿದ.

ಆಮೇಲೆ ಬೇಡಕಿಹಾಳ. ಅವನ ಹೆಂಡತಿಯ ಅಣ್ಣನ ಮಗಳಿಗೆ ಅಲ್ಲೊಂದು ಸಂಬಂಧ ಬಂದಿತ್ತು. ಹುಡುಗನ ಮನೆ ನೋಡಲು ಹೋಗಿದ್ದೆವು. ಅವಲಕ್ಕಿ ಬಂತು, ಚಹಾ ಬಂತು, ವರ ಬಂದ. ತಮ್ಮ ಇಲ್ಲ! ಸ್ವಲ್ಪ ಹೊತ್ತಿಗೆ ಹುಡುಗನ ತಾಯಿ ಹಿತ್ತಲಿನಿಂದ ಓಡಿ ಬಂದರು. "ಅಯ್ಯಯ್ಯ, ನಿಮ್ಮ ಮಾಸ್ತರು ಬಾವ್ಯಾಗ ಅದಾರ್ರೀ!"

ತಮ್ಮನ ಹೆಂಡತಿ ಕಪ್ಪು ಕೆಳಗಿಟ್ಟು ಎದ್ದಳು. "ಬಿದ್ದಾರೇನ್ರೀ?"

"ಬಿದ್ದಿಲ್ರಿ, ಬರ್ಯಾಕತ್ತಾರ!"

ಹೋಗಿ ಬಗ್ಗಿ ನೋಡಿದರೆ ನಿಜ. ಹಗ್ಗ ಸೊಂಟಕ್ಕೆ ಕಟ್ಟಿಕೊಂಡು, ಮೊಳೆಗಳನ್ನು ಬಾವಿಯ ಗೋಡೆಗೆ ಹೊಡೆದು, ದಾರದಿಂದ ಚೌಕ ಚೌಕ ಮಾಡಿ, ಆ ಚೌಕಗಳನ್ನು ನೋಡುತ್ತ ಗ್ರಾಫ್ ಹಾಳೆಯ ಮೇಲೆ ಚಿತ್ರ ಬರೆಯುತ್ತಿದ್ದಾನೆ. ಪದರದ ಗುರುತಿಗೆ ಮಣ್ಣಿನ ಮೇಲೆ ಸಾಲಾಗಿ ಟಿಕಳಿ ಅಂಟಿಸಿದ್ದಾನೆ, ಉಸುಕಿಗೆ ಕೆಂಪು, ಕರಿಮಣ್ಣಿಗೆ ಹಸಿರು!

"ಅಕ್ಕಾರ, ಅವು ನನ್ನ ಹಣಿ ಟಿಕಳಿರಿ" ಎಂದು ತಮ್ಮನ ಹೆಂಡತಿ ನನ್ನ ಕಿವಿಯಲ್ಲಿ ಅತ್ತಳು. "ಮುಂಜಾನಿಂದ ಪಾಕೀಟ ಹುಡುಕಾಕತ್ತೇನಿ."

ಸಂಬಂಧ ಕೂಡಿತು, ಆಶ್ಚರ್ಯ! ಹುಡುಗನ ಅಪ್ಪ ಹೇಳಿದ್ದು ಇಷ್ಟೇ. "ನಮ್ಮ ಮನಿತನಾನೂ ಇಷ್ಟ ಆಳಕ್ಕ ಇಳದು ಯಾರೂ ನೋಡಿರಲಿಲ್ಲ ಬಿಡ್ರಿ."

ಹೀಗೆ ಬರೆದ ಚಿತ್ರಗಳನ್ನು ತಮ್ಮ ಪುಣೆಯ ಮೇಡಂಗೆ ಕಳಿಸುತ್ತಾನೆ. ಮೇಡಂ ಮರ್ಯಾದಸ್ಥರು, ಪ್ರತಿ ಸಲ ಉತ್ತರ ಬರೆಯುತ್ತಾರೆ. ಮೊದಲನೆಯ ಉತ್ತರ: 'ಸುಂದರ ಚಿತ್ರ. ಆದರೆ ಇದು ಇಲಿಯ ಬಿಲ.' ಎರಡನೆಯದು: 'ಬಹಳ ಸುಂದರ ಚಿತ್ರ. ಇದು ಬೇವಿನ ಬೇರು ಕೊಳೆತ ಜಾಗ.' ಅವನ ಮನೆಯ ಗೋಡೆಯ ಮೇಲೆ ನಮ್ಮ ಅಪ್ಪ ಅವ್ವನ ಫೋಟೋ ಇಲ್ಲ. ಇಲಿಯ ಬಿಲಕ್ಕೆ ಫ್ರೇಮ್ ಹಾಕಿಸಿದ್ದಾನೆ.

ಎಲ್ಲಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಅಥಣಿಯ ಹತ್ತಿರ. ರಸ್ತೆ ಅಗಲ ಮಾಡಲು ದಿನ್ನೆ ಕಡಿದಿದ್ದರು. ಆ ಕಡಿದ ಗೋಡೆಯಲ್ಲಿ ಪದರಗಳು ಒಮ್ಮೆಲೇ ಮುರಿದು ಒಳಕ್ಕೆ ಕುಸಿದಿವೆ! ಇದೇ, ಇದೇ ಎಂದು ತಮ್ಮ ಮೂರು ದಿನ ಬಿಸಿಲಲ್ಲಿ ಛತ್ರಿ ಹಿಡಿದು ಬರೆದ. ಮೂರನೆಯ ದಿನ ಎಮ್ಮೆ ಹೊಡೆದುಕೊಂಡು ಬಂದ ಒಬ್ಬ ಮುದುಕಿ ನಿಂತು ನೋಡಿದಳು.

"ಏನ್ ಬರ್ಯಾಕತ್ತೀರಿ ಮಾಸ್ತರ್ರ?"

"ಭೂಕಂಪ, ಆಯಿ. ಸಾವಿರಾರು ವರ್ಷದ ಹಿಂದಿಂದು."

"ಸಾವಿರಾರು ಏನ್ ಸುಡಗಾಡ ಬಿಡ್ರಿ, ಇದು ನಮ್ಮ ಮಾವನ ಹಗೇವು! ನಾ ಲಗ್ನ ಆಗಿ ಬಂದ ವರ್ಷನ ಕುಸದಿತ್ತು. ನನ್ನ ಕಾಲಗುಣ ಅಂತ ನಮ್ಮತ್ತಿ ಸಾಯೂತನಾ ಅಂತಿದ್ಲು. ಕೆದರಿ ನೋಡ್ರಿ, ಹೊಟ್ಟ ಸಿಗತೈತಿ."

ಹಗೇವು ಎಂದರೆ ನಮ್ಮ ಕಡೆ ಹಿಂದೆ ಜೋಳ ತುಂಬಿ ಬಾಯಿ ಮುಚ್ಚಿಡುತ್ತಿದ್ದ ನೆಲದಡಿಯ ಗುಂಡಿ. ಕೆದರಿ ನೋಡಿದ. ಹೊಟ್ಟು ಸಿಕ್ಕಿತು! ಮೂರು ದಿನದ ಚಿತ್ರದ ಕೆಳಗೆ ಚೆಂದದ ಅಕ್ಷರದಲ್ಲಿ 'ಹಗೇವು' ಎಂದು ಬರೆದು ಬಸ್ಸು ಹತ್ತಿದ. ಆಮೇಲೆ ಎರಡು ತಿಂಗಳು ಯಾವ ಬಾವಿಗೂ ಇಳಿಯಲಿಲ್ಲ. ಚಿಕ್ಕೋಡಿಯ ಬಾವಿಗಳು ನಿಟ್ಟುಸಿರು ಬಿಟ್ಟವು.

ಆ ಎರಡು ತಿಂಗಳ ಕೊನೆಗೇ ನನ್ನ ಹೊಲದಲ್ಲಿ ಬಾವಿ ತೆಗೆಸುವ ಪ್ರಸಂಗ ಬರಬೇಕೇ!

ಜುಗೂಳದಲ್ಲಿ, ಹೊಳೆಯ ದಂಡೆಗೆ, ನನ್ನ ಯಜಮಾನರು ಬಿಟ್ಟುಹೋದ ಕಬ್ಬಿನ ಹೊಲ ಇದೆ. ಹಳೆಯ ಬಾವಿ ಹೂತುಹೋಗಿತ್ತು. ಜೆಸಿಬಿ ಬಂದು ಹೊಸದನ್ನು ತೋಡಿತು. ತೋಡಿದ ಮರುದಿನ ನೋಡಲು ಹೋಗುವಾಗ ತಮ್ಮನನ್ನು ಕರೆದುಕೊಂಡು ಹೋದದ್ದು ನನ್ನದೇ ತಪ್ಪು. ಬಗ್ಗಿದ. ಇಳಿದ. ಎಷ್ಟು ಹೊತ್ತಾದರೂ ಸದ್ದಿಲ್ಲ.

"ಏನ್ ಐತೋ?" ಎಂದು ಕೂಗಿದೆ.

"ಅಕ್ಕಾ... ಬೆರಳು."

ಯಾರದಪ್ಪಾ! ಮನುಷ್ಯನ ಬೆರಳಲ್ಲ, ಉಸುಕಿನದು. ದಿಗ್ಗೇವಾಡಿಯಲ್ಲಿ ನೋಡಿದಂಥದ್ದೇ. ಎರಡು ಆಳುದ್ದ ಕೆಳಗೆ, ಕರಿಮಣ್ಣನ್ನು ಸೀಳಿಕೊಂಡು, ಒಂದು ಮೊಳ ಉದ್ದ ನಿಂತಿತ್ತಂತೆ. ಅಲ್ಲಿಂದಲೇ ಮೇಡಂಗೆ ಫೋನ್ ಮಾಡಿದ. ಅವರು ಗುರುವಾರ ಬರುತ್ತೇನೆ ಎಂದರು. ಮೇಲೆ ಬಂದವನು ನನ್ನ ಪಕ್ಕದಲ್ಲಿ ಕಲ್ಲಿನ ರಾಶಿಯ ಮೇಲೆ ಕೂತ.

"ಅಕ್ಕಾ, ಇದೂ ಹಗೇವ ಆದ್ರ ಮುಗೀತು. ನೋಟಬುಕ್ ಎಲ್ಲಾ ರದ್ದಿಗೆ ಹಾಕ್ತೀನಿ. ಮನ್ಯಾಗ ಟೀವಿ ನೋಡ್ಕೋತ ಸುಮ್ಮನ ಕುಂದರತೀನಿ."

ಅಷ್ಟು ಹೇಳುವಾಗ ಅವನ ಮೊಣಕಾಲು ಅಲುಗಾಡುತ್ತಿರಲಿಲ್ಲ. ನನಗೆ ಭಯವಾದದ್ದು ಅದಕ್ಕೇ.

ಆದರೆ ಕಲ್ಲು ಕಟ್ಟಲು ಗೊತ್ತುಮಾಡಿದ್ದ ಕಾಗವಾಡದ ದಸ್ತಗೀರಸಾಬ ಗೌಂಡಿ ಸೋಮವಾರವೇ ಬಂದುಬಿಟ್ಟ. ಅವನಿಗೆ ಶನಿವಾರದಿಂದ ಅಥಣಿಯಲ್ಲಿ ದ್ರಾಕ್ಷಿ ಒಣಗಿಸುವ ಶೆಡ್ಡಿನ ಕೆಲಸ. ಗುರುವಾರದವರೆಗೆ ಕಾಯಲಾರ.

"ಬಾಯಾರ, ಯರಿ ಮಣ್ಣ ಐತ್ರಿ. ಒಂದ ಅಡ್ಡಮಳಿ ಆದ್ರ ಗ್ವಾಡಿ ಧಪ್ ಅಂತ ಕೂರತೈತಿ. ಮತ್ತ ಜೆಸಿಬಿ ತರಸ್ತೀರೇನು?"

"ಗುರುವಾರತನಾ ಈ ಮಗ್ಗಲ ಒಂದು ಮುಟ್ಟಬ್ಯಾಡ್ರಿ" ಎಂದ ತಮ್ಮ.

"ಬಾವಿ ಗುಂಡಗ ಇರತೈತ್ರಿ ಮಾಸ್ತರ್ರ. ಅದಕ್ಕ ಮಗ್ಗಲ ಎಲ್ಲಿಂದ ತರೂದು?"

ಇಬ್ಬರೂ ನನ್ನ ಮುಖ ನೋಡಿದರು. ಹೊಲ ನನ್ನದು, ಬಾವಿ ನನ್ನದು. ಮಾತೂ ನನ್ನದೇ ಆಗಬೇಕು. ಕಬ್ಬು ಬಾಯಾರಿ ನಿಂತಿತ್ತು. ನಾನು ಬಾವಿಯ ಸುತ್ತ ಒಂದು ಸುತ್ತು ಹಾಕಿದೆ, ಇನ್ನೊಂದು ಸುತ್ತು ಹಾಕಿದೆ. ತಮ್ಮ ಏನೂ ಕೇಳಲಿಲ್ಲ. ಕೇಳಿದ್ದರೆ ಬೈದು ಕಳಿಸುತ್ತಿದ್ದೆ. ಕೆಳಗೆ ನೋಡುತ್ತ ನಿಂತಿದ್ದ, ಅಷ್ಟೇ.

"ದಸ್ತಗೀರಸಾಬ, ಕಟ್ಟಾಕ ಸುರು ಮಾಡು. ಆ ಉಸುಕಿನ ಬೆರಳ ಇರೂವಷ್ಟ ಜಾಗಾ ಬಿಟ್ಟು ಕಟ್ಟು."

"ಬಿಟ್ಟು ಕಟ್ಟೂದಂದ್ರ? ಖಿಡಕಿ ಇಡಬೇಕೇನ್ರಿ ಬಾವಿಗೆ?"

"ಹೌದು. ಖಿಡಕೀನ ಇಡು."

"ಯಾ ಅಲ್ಲಾ! ಮೂವತ್ತ ವರ್ಷ ಬಾವಿ ಕಟ್ಟೇನ್ರಿ ಬಾಯಾರ. ಗಾಳಿ ಬೇಕಂತ ಯಾವ ಬಾವೀನೂ ಕೇಳಿಲ್ಲ!"

ಗೊಣಗಿದರೂ ಕಟ್ಟಿದ. ತಳದಿಂದ ಕಲ್ಲು ಏರುತ್ತ ಬಂತು. ಬೆರಳಿನ ಎರಡೂ ಕಡೆ ಉದ್ದ ಕಲ್ಲು ನಿಲ್ಲಿಸಿ, ಮೇಲೊಂದು ಹಾಸುಗಲ್ಲು ಹಾಕಬೇಕು ಎನ್ನುವಷ್ಟರಲ್ಲಿ ಬುಧವಾರ ಮಧ್ಯಾಹ್ನ ಮೋಡ ಕವಿಯಿತು. ಹೊತ್ತಲ್ಲದ ಹೊತ್ತಿನ ಅಡ್ಡಮಳೆಯೇ! ತಮ್ಮ ತಾಡಪತ್ರಿ ಎತ್ತಿಕೊಂಡು ಇಳಿದೇಬಿಟ್ಟ. ಅದನ್ನು ಗೋಡೆಗೆ ಒತ್ತಿ, ಬೆನ್ನು ಆನಿಸಿ, ಕೈ ಚಾಚಿ ನಿಂತ.

"ಮ್ಯಾಲ ಬಾರೋ! ಮಣ್ಣ ಬಿದ್ರ ಅಲ್ಲೇ ಹೂಳತೈತಿ! ಕಮ್ ಅಪ್ ದಿಸ್ ಮಿನಿಟ್!" ಸಿಟ್ಟು ಬಂದಾಗ ನನಗೆ ಇಂಗ್ಲೀಷು ಬರುತ್ತದೆ, ಏನು ಮಾಡಲಿ!

"ಬರೂದಿಲ್ಲ!" ಎಂಬ ಉತ್ತರ ಕನ್ನಡದಲ್ಲೇ ಬಂತು.

ಬಾವಿಯ ಇನ್ನೊಂದು ಕಡೆಯ ಮಣ್ಣಿನ ಹೆಂಟೆ ಧುಡುಮ್ಮನೆ ಬಿದ್ದಿತು. ನಾನು ಕೆಸರಿನಲ್ಲಿ ಅತ್ತ ಹೋಗಿ ಇತ್ತ ಬಂದು, ಹೊಲದಲ್ಲಿ ನಾನೇ ಒಂದು ಕಾಲುವೆ ತೋಡಿದೆ. ದಸ್ತಗೀರಸಾಬ ನನ್ನನ್ನು ನೋಡಿದ, ಬಾವಿಯನ್ನು ನೋಡಿದ, ಆಕಾಶವನ್ನು ನೋಡಿದ. "ಪಾಗಲ್ ಮಾಸ್ತರ್" ಎಂದು ಬೈಯುತ್ತ ತಾನೂ ಇಳಿದು ತಾಡಪತ್ರಿಯ ಇನ್ನೊಂದು ತುದಿ ಹಿಡಿದ. ಮಳೆ ನಿಂತಾಗ ಇಬ್ಬರೂ ಮಣ್ಣಿನ ಗೊಂಬೆಗಳು. ಬೆರಳು ಮಾತ್ರ ಹಾಗೇ ಇತ್ತು. ಆ ಸಂಜೆಯೇ ದಸ್ತಗೀರಸಾಬ ಹಾಸುಗಲ್ಲು ಏರಿಸಿದ, ಯಾರೂ ಹೇಳದೆ.

ಗುರುವಾರ ಮೇಡಂ ಬಂದರು. ತೆಳ್ಳನೆಯ ಹೆಣ್ಣುಮಗಳು, ದೊಡ್ಡ ಹ್ಯಾಟು. ಮರಾಠಿಯಲ್ಲಿ ಅರ್ಧ, ಕನ್ನಡದಲ್ಲಿ ಅರ್ಧ ಮಾತು. "ನಮಸ್ಕಾರ ಆಜಿ" ಎಂದು ನನಗೆ ಕೈ ಮುಗಿದು, ಕರಣಿ ಕಚ್ಚಿಕೊಂಡು ನಿಚ್ಚಣಿಕೆಯಿಂದ ಇಳಿದವರು ಎರಡು ತಾಸು ಮೇಲೆ ಬರಲಿಲ್ಲ. ಖಿಡಕಿಯ ಮುಂದೆ ಕೂತು ಕೆರೆಯುತ್ತಾರೆ, ನೋಡುತ್ತಾರೆ, ಮತ್ತೆ ಕೆರೆಯುತ್ತಾರೆ. ತಮ್ಮ ನಿಚ್ಚಣಿಕೆಯ ನಡುಮೆಟ್ಟಿಲಲ್ಲಿ ನೇತಾಡುತ್ತಿದ್ದಾನೆ, ಮೇಲೂ ಇಲ್ಲ, ಕೆಳಗೂ ಇಲ್ಲ.

ರೊಟ್ಟಿಯ ಬುತ್ತಿ ತಂದಿದ್ದ ಅವನ ಹೆಂಡತಿ ನನ್ನ ಪಕ್ಕ ಕೂತಿದ್ದಳು. "ಅಕ್ಕಾರ, ಖರೇ ಹೇಳ್ತೀನ್ರಿ. ಇದೂ ಹಗೇವಽ ಆಗ್ಲಿ, ಮನ್ಯಾಗ ಕುಂದರಲಿ ಅಂತ ಹರಕಿ ಹೊತ್ತಿದ್ದೆ. ನಿನ್ನಿ ಅವರ ಮಾರಿ ನೋಡಿ ವಾಪಸ್ ತಗೊಂಡೇನಿ."

"ಹರಕಿ ವಾಪಸ್ ತಗೊಳ್ಳಾಕ ಬರ್ತೈತೇನ?"

"ಎರಡ ಕಾಯಿ ಹೆಚ್ಚಿಗಿ ಒಡಸ್ತೀನಿ ಅಂದೇನ್ರಿ ದೇವರಿಗೆ."

ಕೊನೆಗೆ ತಮ್ಮನೇ ತಡೆಯಲಾರದೆ ಕೇಳಿದ. ಮೂವತ್ತು ವರ್ಷ ಕ್ಲಾಸಿನಲ್ಲಿ ಗುಡುಗಿದವನ ದನಿ ಸೊಳ್ಳೆಯಷ್ಟಾಗಿತ್ತು. "ಮೇಡಂ... ಹಗೇವು?"

ಮೇಡಂಗೆ ಹಗೇವು ಗೊತ್ತಿಲ್ಲ. ಏನದು ಎಂದರು. ಉತ್ತರ ಕೊಟ್ಟವನು ಮೇಲೆ ಕಲ್ಲು ಕೆತ್ತುತ್ತಿದ್ದ ದಸ್ತಗೀರಸಾಬ. "ಹೊಳಿ ದಂಡ್ಯಾಗ ಯಾರರ ಹಗೇವು ತಗೀತಾರೇನ್ರಿ ಮಾಸ್ತರ್ರ? ಒಂದ ಮಳಿಗಾಲಕ್ಕ ಜ್ವಾಳೆಲ್ಲ ಮೊಳಕಿ ಒಡೀತಾವು! ಇಷ್ಟ ತಿಳೀದೇನು?"

ಎರಡು ತಿಂಗಳಿಂದ ಎದೆಯ ಮೇಲೆ ಕೂತಿದ್ದ ಹಗೇವನ್ನು ಆ ಗೌಂಡಿ ಒಂದೇ ಮಾತಿಗೆ ಎತ್ತಿ ಬಿಸಾಡಿದ! ಮೇಡಂ ನಕ್ಕರು. "ಸರ್, ಇಲಿ ಬಿಲ ನಾಹಿ, ಬೇರು ನಾಹಿ. ಕೆಳಗಿನ ಉಸುಕೇ ಮ್ಯಾಲೆ ಬಂದದ. ಭೂಕಂಪಚ್ ಆಹೆ, ಭೂಕಂಪವೇ" ಎಂದರು. ಎಷ್ಟು ಹಳೆಯದೆಂಬುದು ಪರೀಕ್ಷೆಯ ಮೇಲೆ ತಿಳಿಯುತ್ತದಂತೆ. ಬೆಳಕು ತಾಗಬಾರದೆಂದು ಉಸುಕನ್ನು ಕರಿ ಪೈಪಿನಲ್ಲಿ ತುಂಬಿ, ಎರಡೂ ಬಾಯಿ ಮುಚ್ಚಿ, ಬಾಣಂತಿಯಂತೆ ಸುತ್ತಿ ಕಾರಿನಲ್ಲಿ ಇಟ್ಟುಕೊಂಡರು. ಹೋಗುವ ಮುಂಚೆ ನನ್ನನ್ನು ಅಂಚಿಗೆ ಕರೆದು ತೋರಿಸಿದರು. ಮೊದಲು ಕರಿಮಣ್ಣು ಕೂತಿತು. ಆಮೇಲೆ ನೆಲ ನಡುಗಿ ಉಸುಕು ಸೀಳಿಕೊಂಡು ಎದ್ದಿತು. ಅದಾದ ಮೇಲೆ ಎಷ್ಟೋ ಸಲ ಹೊಳೆ ಬಂದು ಮೇಲೆ ಮಣ್ಣು ಹಾಸಿತು. "ವರೂನ್, ಮ್ಯಾಲಿಂದ ನೋಡಿದ್ರ ಮುಚ್ಚಿದ್ದು ಅಷ್ಟೇ ಕಾಣ್ತದ, ಆಜಿ. ಒಳಗ ಏನಾತು ಅಂತ ಕಾಣೂದಿಲ್ಲ."

ತಮ್ಮ ಕುಣಿಯುತ್ತಾನೆ ಎಂದುಕೊಂಡಿದ್ದೆ. ಕುಣಿಯಲಿಲ್ಲ. ಕಲ್ಲಿನ ರಾಶಿಯ ಮೇಲೆ ಕೂತು ಎರಡು ರೊಟ್ಟಿ ತಿಂದ. ಮೊಣಕಾಲು ಮೆಲ್ಲಗೆ ಅಲುಗಾಡಲು ಶುರುವಾಯಿತು. ನನಗೆ ಜೀವ ಬಂತು.

"ಬಾಯಾರ, ಖಿಡಕಿ ಇನ್ನ ಮುಚ್ಚಲೇನ್ರಿ?" ಎಂದ ದಸ್ತಗೀರಸಾಬ.

"ಬೇಡ. ಗಾಜು ಹಾಕು. ನನ್ನ ಶೋಕೇಸಿನ ಬಾಗಿಲಿಂದು ದಪ್ಪ ಐತಿ, ಅದನ್ನ ಬಿಚ್ಚಿ ಕಳಸ್ತೀನಿ."

ತಮ್ಮ ತಿರುಗಿ ನೋಡಿದ. ಗೌಂಡಿ ಅಳತೆ ತೆಗೆಯಲು ಇಳಿದ, ತಮ್ಮನ ಹೆಂಡತಿ ಬುತ್ತಿಯ ಡಬ್ಬಿ ತೊಳೆಯಲು ಹೋದಳು. "ನಿನ್ನ ಕಪ್ಪಿನ ಶೋಕೇಸೇನ? ಯಾಕ ಅಕ್ಕಾ? ಸೋಮವಾರನೂ ನೀ ಒಂದು ಮಾತು ಬೈಲಿಲ್ಲ. ಏನಾಗೈತಿ ನಿನಗ?"

ನಗುತ್ತ ಹೇಳಬೇಕೆಂದಿದ್ದೆ. ಇಷ್ಟು ವರ್ಷ ನಕ್ಕವಳಿಗೆ ಆಗ ನಗು ಬರಲಿಲ್ಲ. "ಒಮ್ಮೆ ನಿನ್ನ ಬಿಟ್ಟು ಓಡೇನಲ್ಲ" ಎಂದೆ. "ಭೂಮಿ ನಡಗೂ ಮುಂದ. ಬೂಟ ಹಿಡಕೊಂಡು."

ಅವನು ನೀರಿನ ತಂಬಿಗೆ ಕೆಳಗಿಟ್ಟ. "ಅದನ್ನ ಇನ್ನೂ ಹೊತ್ತಗೊಂಡ ಅಡ್ಡಾಡಾಕತ್ತೀಯೇನ? ಅಕ್ಕಾ, ನನ್ನ ಯಾರ ಹೊರಗ ತಂದ್ರು?"

"ಅಜ್ಜಿ."

"ಅಜ್ಜಿ ಕೊಡ ಇಳಿಸಿದ್ದು ಬೆಳಕ ಹರದ ಮ್ಯಾಲ. ಎರಡೂ ಕೈಲೆ ಅದನ್ನ ತಬ್ಬಿದಾಕಿ ನನ್ನ ಯಾವ ಕೈಲೆ ಎತ್ತಬೇಕು?"

ನಾನು ನನ್ನ ಎರಡೂ ಕೈ ನೋಡಿಕೊಂಡೆ.

"ನನಗ ಎಚ್ಚರ ಇತ್ತು. ಅಂಜಿ ಕೌದಿಯೊಳಗ ಮುದುಡಿದ್ದೆ. ನೀ ಹೊಳ್ಳಿ ಬಂದಿ. ಹೊರಗ ಎತ್ತಿ ತಂದು ಕಟ್ಟಿ ಮ್ಯಾಲ ಕುಂದ್ರಿಸಿದಿ. ನೆಲ ತಣ್ಣಗ ಕೊರೀತಿತ್ತು. ಆ ಬೂಟ ನನ್ನ ಕಾಲಿಗೆ ಹಾಕಿದಿ, ಹಡಗಿನಂಥಾವು. ಎರಡ ಸಲ ಲೇಸ ಕಟ್ಟಿದಿ, ಎರಡ ಸಲ ಬಿಚ್ಚಿದಿ, ಮೂರನೇದಕ್ಕ ಸರಿ ಕೂತಿತು. ನಾ ಅಷ್ಟೂ ಹೊತ್ತ ನಿನ್ನ ಬೆರಳ ನೋಡ್ಕೋತ ಕೂತಿದ್ದೆ. ಬ್ಯಾರೆ ಎಲ್ಲಿ ನೋಡಿದ್ರೂ ಅಂಜಿಕಿ ಬರ್ತಿತ್ತು."

"ಸುಳ್ಳ ಹೇಳಬ್ಯಾಡ" ಎಂದೆ. "ನನ್ನ ಸಮಾಧಾನಕ್ಕ ಹೇಳಾಕತ್ತಿ. ಹಂಗಿದ್ರ ಇಷ್ಟ ವರ್ಷ ಯಾಕ ಅನಲಿಲ್ಲ?"

"ನೀನೂ ನಗತಿದ್ದೆಲ್ಲ! ಎಲ್ಲಾ ನೆನಪ ಇದ್ದಽ ನಗತೀ ಅಂದ್ಕೊಂಡಿದ್ದೆ."

ನನಗೆ ಏನೂ ನೆನಪಿಲ್ಲ. ಓಡಿದ್ದು ನೆನಪಿದೆ, ತಿರುಗಿ ಬಂದದ್ದು ಇಲ್ಲ. ಒಳಗೆ ಎಷ್ಟು ಕೆದಕಿದರೂ ಅಪ್ಪನ ಮಾತು ಮತ್ತು ನೆಂಟರ ನಗೆ, ಅಷ್ಟೇ ಸಿಗುತ್ತದೆ. ಕೂರಲಾರದೆ ಎದ್ದು ನಿಂತೆ. ನನ್ನ ಶೂವಿನ ಲೇಸು ಎಂದಿನಂತೆ ಬಿಚ್ಚಿ ಕೆಸರಿನಲ್ಲಿ ಎಳೆದಾಡುತ್ತಿತ್ತು.

"ನಿಂದ್ರು, ಮುಗ್ಗರಿಸಿ ಬಾವ್ಯಾಗ ಬೀಳತಿ" ಎಂದು ತಮ್ಮ ನನ್ನ ಮುಂದೆ ಮೊಣಕಾಲೂರಿ ಕೂತ.

ಜೀವಮಾನವಿಡೀ ಚಪ್ಪಲಿಯಲ್ಲೇ ಕಳೆದವನು ಅವನು. ಶಾಲೆಗೂ ಚಪ್ಪಲಿ, ತನ್ನ ಮದುವೆಗೂ ಕೊಲ್ಹಾಪುರಿ ಚಪ್ಪಲಿ. ಅವನ ಮನೆಯಲ್ಲಿ ಲೇಸಿನ ಬೂಟು ಒಂದೂ ಇಲ್ಲ. ನಾನು ಅವನಿಗೆ ಅಕ್ಷರ ಕಲಿಸಿದ್ದೇನೆ, ಸೈಕಲ್ ಕಲಿಸಿದ್ದೇನೆ, ಸಿಸ್ಟರ್ ಕಲಿಸಿದ ಆ ಗಂಟನ್ನು ಮಾತ್ರ ಎಂದೂ ಕಲಿಸಿಲ್ಲ. ಲೇಸಿನ ಕೆಸರನ್ನು ಬೆರಳಿನಿಂದ ಒರೆಸಿದ. ಎರಡು ಮೊಲದ ಕಿವಿ ಮಾಡಿದ. ಒಂದರ ಮೇಲೊಂದು ಅಡ್ಡ ಹಾಕಿ ಎಳೆದ. ಆಮೇಲೆ, ಏನೂ ಯೋಚಿಸದೆ, ಆ ಕಿವಿಗಳನ್ನೇ ಹಿಡಿದು ಮತ್ತೊಮ್ಮೆ ಗಂಟು ಹಾಕಿದ.

"ಇನ್ನೊಂದ ಕಾಲು ಕೊಡು" ಎಂದ.